ನಮ್ಮೂರು ಗುಡಿಬಂಡೆ, ಆಂಧ್ರದ್ದು: ಕೆಲಸದ ಜಾಗದಲ್ಲಿ ಗಡಿಯವರು ಪರಿಚಯ ಹೇಳಿಕೊಳ್ಳುವ ಬಗೆ

ಮಡಕಶಿರಾ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ, ರಾಯದುರ್ಗದ ಕಡೆಯಿಂದ ಕೆಲಸಕ್ಕೋ ವ್ಯಾಪಾರಕ್ಕೋ ಹೊರಗೆ ಹೋದ ನಮ್ಮವರಿಗೆ ಹೆಸರು ಹೇಳಿ ಮುಗಿಸುವಷ್ಟರಲ್ಲಿ "ಯಾವೂರು?" ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿನಲ್ಲಿ ಉತ್ತರ ಹೇಳಿದರೆ "ಓ, ಆಂಧ್ರದವರಾ? ಕನ್ನಡ ಚೆನ್ನಾಗೇ ಮಾತಾಡ್ತೀರಲ್ಲ" ಅನ್ನುತ್ತಾರೆ. ಅನಂತಪುರದಲ್ಲಿ ಹೇಳಿದರೆ "ಮೀರು ಕನ್ನಡವಾಳ್ಳಾ?" ಅನ್ನುತ್ತಾರೆ. ಎರಡೂ ಕಡೆ ನಾವು ಅರ್ಧ ಹೊರಗಿನವರು. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೆಲಸ ಕೊಡುವವರಿಗೆ, ಸಾಲಕ್ಕೆ ಮಾಲು ಕೊಡುವವರಿಗೆ, ಬಾಡಿಗೆಗೆ ರೂಮು ಕೊಡುವವರಿಗೆ ಆ ಅರ್ಧ ಅನುಮಾನವೇ ಸಾಕು, ಪಕ್ಕದಲ್ಲಿರುವ ಇನ್ನೊಬ್ಬರ ಕಡೆ ತಿರುಗಲು.

ಹೊಸ ಜಾಗದಲ್ಲಿ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವುದನ್ನು ಕಾಗದದಲ್ಲಿ ತೋರಿಸಬೇಕು ಎಂಬುದನ್ನು ಸದಸ್ಯರ ಅನುಕೂಲಕ್ಕೆ ಇಲ್ಲಿ ಒಟ್ಟಿಗೆ ಬರೆದಿದ್ದೇವೆ. ಮಾತಿನ ಚಾತುರ್ಯ ಕಲಿಸುವ ತರಗತಿಗಳಲ್ಲಿ "ಆತ್ಮವಿಶ್ವಾಸದಿಂದ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ" ಎನ್ನುತ್ತಾರೆ. ಅದೂ ಇರಲಿ. ನಮ್ಮ ಅಭಿಪ್ರಾಯದಲ್ಲಿ ಎದುರಿನವರು ಆಮೇಲೆ ವಿಚಾರಿಸಿ ನೋಡಿದರೆ ನಿಜವೆಂದು ತಿಳಿಯುವಂಥ ನಾಲ್ಕು ಸಂಗತಿ ಹೇಳುವವರನ್ನೇ ಜನ ನೆನಪಿಟ್ಟುಕೊಳ್ಳುವುದು, ನಂಬುವುದು.

ಯಾವ ಗುಡಿಬಂಡೆ?

ಗುಡಿಬಂಡೆ ಎರಡಿವೆ. ಒಂದು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ. ಬೆಟ್ಟದ ಕೋಟೆಯಿಂದಾಗಿ, ಅಮಾನಿ ಭೈರಸಾಗರ ಕೆರೆಯಿಂದಾಗಿ ಬೆಂಗಳೂರಿನವರಿಗೆ ಗೊತ್ತಿರುವುದು ಅದೇ. ಇನ್ನೊಂದು ನಮ್ಮದು, ಶಿರಾ ಮತ್ತು ಹಿಂದೂಪುರದ ನಡುವೆ ಇರುವ ಮಂಡಲ ಕೇಂದ್ರ. "ಗುಡಿಬಂಡೆಯಾ? ಕೋಟೆ ಹತ್ತಿದ್ದೀನಿ, ಚೆನ್ನಾಗಿದೆ" ಎಂದು ಅವರು ಅಂದಾಗ ನಕ್ಕು ಸುಮ್ಮನಾಗುವ ಹುಡುಗರಿದ್ದಾರೆ. ಕೆಲವರು "ಶಿರಾ ಕಡೆ", "ಪಾವಗಡದ ಹತ್ತಿರ" ಎಂದು ಹೇಳಿ ದಾಟಿಸುತ್ತಾರೆ. ಆಂಧ್ರ ಎಂದರೆ ಕೆಲಸ ತಪ್ಪೀತು ಎಂಬ ಭಯ.

ಹೀಗೆ ಮಾಡಬೇಡಿ ಎಂದೇ ನಾವು ಹೇಳುತ್ತೇವೆ. ಕೆಲಸ ಗೊತ್ತಾದ ಮೇಲೆ ಆಧಾರ್ ಪ್ರತಿ ಕೊಡಲೇಬೇಕು. ಅದರ ಮೇಲೆ ತೆಲುಗು ಅಕ್ಷರ ಇರುತ್ತದೆ, 515ರಿಂದ ಶುರುವಾಗುವ ಪಿನ್‌ಕೋಡ್ ಇರುತ್ತದೆ. ಆ ಇನ್ನೊಂದು ಗುಡಿಬಂಡೆಯ ಪಿನ್‌ಕೋಡ್ 561ರಿಂದ ಶುರುವಾಗುತ್ತದೆ. ಆಂಧ್ರದವನು ಎಂಬುದು ಆಗ ಯಾರಿಗೂ ದೊಡ್ಡ ವಿಷಯವಾಗುವುದಿಲ್ಲ, ಮುಚ್ಚಿಟ್ಟ ಎಂಬುದು ಆಗುತ್ತದೆ. ಊರು ಮುಚ್ಚಿಟ್ಟವನು ಇನ್ನೇನು ಮುಚ್ಚಿಟ್ಟಿದ್ದಾನೋ ಎಂದು ಯೋಚಿಸುವುದು ಮನುಷ್ಯ ಸಹಜ. ಆದ್ದರಿಂದ ಮೊದಲ ವಾಕ್ಯದಲ್ಲೇ ಹೇಳಿಬಿಡಿ: "ನಮ್ಮದು ಗುಡಿಬಂಡೆ. ಚಿಕ್ಕಬಳ್ಳಾಪುರದ್ದಲ್ಲ, ಆಂಧ್ರದ ಮಡಕಶಿರಾ ಪಕ್ಕದ್ದು. ಮನೆಮಾತು ಕನ್ನಡ." ಎರಡು ಗುಡಿಬಂಡೆ ಇವೆ ಎಂಬ ಸಂಗತಿ ಕೇಳಿದವರಿಗೆ ಹೊಸದು, ಹಾಗಾಗಿ ನಿಮ್ಮ ಮುಖದ ಜೊತೆಗೆ ನೆನಪಿನಲ್ಲಿ ಉಳಿಯುತ್ತದೆ.

ಜಿಲ್ಲೆಯ ಹೆಸರಿನಲ್ಲೂ ಗೊಂದಲವಿದೆ. 2022ರ ಏಪ್ರಿಲ್ 4ರಂದು ಆಂಧ್ರದ ಜಿಲ್ಲೆಗಳು 13ರಿಂದ 26 ಆದಾಗ ಮಡಕಶಿರಾ ಕಡೆಯ ಮಂಡಲಗಳು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಅದಕ್ಕೂ ಮುಂಚೆ ಓದಿದವರ ಮಾರ್ಕ್ಸ್ ಕಾರ್ಡಿನಲ್ಲಿ ಅನಂತಪುರ, ಈಗಿನ ಕಾಗದದಲ್ಲಿ ಶ್ರೀ ಸತ್ಯಸಾಯಿ. ಬೆಂಗಳೂರಿನ ಕಚೇರಿಯಲ್ಲಿ ಕಾಗದ ತಾಳೆ ನೋಡುವವರಿಗೆ ಇದು ಎರಡು ಊರಿನ ಲೆಕ್ಕ. ಬಯೋಡೇಟಾದಲ್ಲಿ "ಶ್ರೀ ಸತ್ಯಸಾಯಿ ಜಿಲ್ಲೆ (2022ರವರೆಗೆ ಅನಂತಪುರ ಜಿಲ್ಲೆ)" ಎಂದು ಒಂದೇ ಸಾಲಿನಲ್ಲಿ ಬರೆದರೆ ಅವರು ಕೇಳುವ ಮೊದಲೇ ಉತ್ತರ ಸಿಕ್ಕಂತಾಯಿತು.

"ಆಂಧ್ರದಲ್ಲಿದ್ದು ಕನ್ನಡ ಹೇಗೆ?" ಎಂದು ಕೇಳಿದರೆ ಎರಡು ವಾಕ್ಯ ಸಾಕು. ರಾಯದುರ್ಗದವರು ಹೀಗೆ ಹೇಳಬಹುದು: "ನಮ್ಮ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು." ಮಡಕಶಿರಾ ಕಡೆಯವರಿಗೆ ಇನ್ನೂ ಸುಲಭ: "ನಮ್ಮ ತಾಲ್ಲೂಕಿನ ಮೂರು ಸುತ್ತಲೂ ಕರ್ನಾಟಕವೇ." ಇನ್ನೂ ಆಸಕ್ತಿ ತೋರಿಸಿದರೆ ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿತ್ತು, ಶಾಸನಗಳ ಹೆಂಜೇರು ಅದೇ ಎಂದು ಹೇಳಬಹುದು. ಕೇಳದೆ ಹೇಳಬೇಡಿ. ಐದು ನಿಮಿಷದ ಸಂದರ್ಶನದಲ್ಲಿ ಮೂರು ನಿಮಿಷ ನೊಳಂಬರಿಗೆ ಹೋದರೆ ನಿಮ್ಮ ಕೆಲಸದ ಮಾತಿಗೆ ಹೊತ್ತು ಉಳಿಯುವುದಿಲ್ಲ.

ಗಡಿ ದಾಟಿದರೆ ಅರ್ಥ ಬದಲಾಗುವ ಮಾತುಗಳು

ನಮಗೆ ದಿನಬಳಕೆಯ ಮಾತು ಆ ಕಡೆಯವರಿಗೆ ಬೇರೆ ಅರ್ಥ ಕೊಡುತ್ತದೆ. ತಮಾಷೆಯಾದದ್ದು "ಸಚಿವಾಲಯ". 2019ರ ಅಕ್ಟೋಬರ್ 2ರಿಂದ ಆಂಧ್ರದ ಹಳ್ಳಿಗಳಲ್ಲಿ ಗ್ರಾಮ ಸಚಿವಾಲಯಗಳು ಶುರುವಾದವು. ಅಲ್ಲಿ ಕೆಲಸ ಮಾಡಿದ ಹುಡುಗಿ ಬೆಂಗಳೂರಿನಲ್ಲಿ "ಎರಡು ವರ್ಷ ಸಚಿವಾಲಯದಲ್ಲಿದ್ದೆ" ಎಂದರೆ ಕೇಳಿದವರಿಗೆ ವಿಧಾನಸೌಧ ಕಣ್ಣಿಗೆ ಬರುತ್ತದೆ. ಆಮೇಲೆ ನಿಜ ತಿಳಿದಾಗ ಆಕೆ ಜಂಬ ಕೊಚ್ಚಿದಳು ಅನ್ನಿಸುತ್ತದೆ. ಪಾಪ, ಆಕೆ ಹೇಳಿದ್ದು ಸತ್ಯವೇ. "ನಮ್ಮ ಪಂಚಾಯಿತಿ ಮಟ್ಟದ ಕಚೇರಿ, ಆಂಧ್ರದಲ್ಲಿ ಗ್ರಾಮ ಸಚಿವಾಲಯ ಅಂತಾರೆ, ಅಲ್ಲಿ ಅರ್ಜಿ ತಗೊಂಡು ಕಂಪ್ಯೂಟರಿಗೆ ಏರಿಸೋ ಕೆಲಸ" ಎಂದರೆ ಅದೇ ಅನುಭವ ಸರಿಯಾದ ತೂಕದಲ್ಲಿ ನಿಲ್ಲುತ್ತದೆ.

ಅವರ ಎಸ್ಸೆಸ್ಸೆಲ್ಸಿ ನಮಗೆ ಎಸ್ಸೆಸ್ಸಿ. ಅವರ ಪಿಯುಸಿ ನಮಗೆ ಇಂಟರ್. "ಬೈಪಿಸಿ ಮಾಡಿದ್ದೀನಿ" ಎಂದರೆ ತುಮಕೂರಿನಲ್ಲಿ ಮುಖ ನೋಡುತ್ತಾರೆ, "ಇಂಟರ್, ಅಂದರೆ ಪಿಯುಸಿ, ವಿಜ್ಞಾನ, ಜೀವಶಾಸ್ತ್ರ ಇತ್ತು" ಎಂದರೆ ಗೊತ್ತಾಗುತ್ತದೆ. ಹಾಗೆಯೇ ನಮ್ಮ "ಮಂಡಲ" ಅವರಿಗೆ ಹೊಳೆಯುವುದಿಲ್ಲ, "ಎಂಆರ್‌ಒ" ಎಂಬುದೂ ತಿಳಿಯುವುದಿಲ್ಲ, ತಹಶೀಲ್ದಾರ್ ಎನ್ನಬೇಕು. ಅನಂತಪುರ, ತಿರುಪತಿ ಕಡೆ ಹೋಗುವವರು ಇದನ್ನೇ ತಿರುಗಿಸಿ ಹೇಳಬೇಕು, ಅಲ್ಲಿ ಪಿಯುಸಿ ಎಂದರೆ ಮತ್ತೆ ವಿವರಿಸಬೇಕಾಗುತ್ತದೆ.

ಅರ್ಜಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮಾತಿನಲ್ಲಿ ನಾವೆಲ್ಲ ಗಡಿನಾಡಿನವರೇ. ಆದರೆ ಕರ್ನಾಟಕದ ಕಾಲೇಜು ಪ್ರವೇಶದ ಅರ್ಜಿಯಲ್ಲಿ "ಗಡಿನಾಡು ಕನ್ನಡಿಗ", "ಹೊರನಾಡು ಕನ್ನಡಿಗ" ಎಂಬುವು ಬೇರೆ ಬೇರೆ ವರ್ಗಗಳು. ಯಾವ ಪ್ರದೇಶದವರು ಯಾವುದಕ್ಕೆ ಸೇರುತ್ತಾರೆ ಎಂಬುದನ್ನು ನಿಯಮವೇ ಹೇಳುತ್ತದೆ. ಅಭಿಮಾನದಿಂದ ಗಡಿನಾಡು ಎಂದು ಗುರುತು ಹಾಕಬೇಡಿ, ಆ ವರ್ಷದ ಮಾಹಿತಿ ಪುಸ್ತಿಕೆ ಓದಿಯೇ ಹಾಕಿ.

ಹೆಸರು

ತೆಲುಗಿನವರಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು ಮುಂದೆ ಬರುತ್ತದೆ. ಹಳೇ ಮೈಸೂರು ಸೀಮೆಯ ಕನ್ನಡಿಗರಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ. ನಮ್ಮಲ್ಲಿ ಎರಡೂ ಕಲಸಿವೆ. ಉದಾಹರಣೆಗೆ ಜಿ. ಎಚ್. ಮಂಜುನಾಥ ಎಂದಿಟ್ಟುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಜಿ ಎಂದರೆ ಗುಡಿಬಂಡೆ, ಎಚ್ ಎಂದರೆ ತಂದೆ ಹನುಮಂತಪ್ಪ. ಆಧಾರ್‌ನಲ್ಲಿ ಬರೆದುಕೊಂಡವರು ಜಿ ಅನ್ನು ಇಂಟಿಪೇರು ಎಂದುಕೊಂಡು ಬೇರೇನೋ ಬಿಡಿಸಿರುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರೇ ಮೊದಲು ಬಂದಿರುತ್ತದೆ. ಕಂಪನಿಯ ಎಚ್‌ಆರ್ ವಿಭಾಗದ ಕಣ್ಣಿಗೆ ಇವರು ಮೂರು ಜನ.

ಎಲ್ಲ ಕಾಗದವನ್ನೂ ಒಂದೇ ಸಲ ತಿದ್ದಿಸುವುದು ಆಗದ ಮಾತು. ಎಸ್ಸೆಸ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೆಯೇ ಬಯೋಡೇಟಾದಲ್ಲಿ, ಇಮೇಲಿನಲ್ಲಿ, ವಾಟ್ಸಾಪಿನಲ್ಲಿ ಬರೆಯಲು ಶುರುಮಾಡಿ, ಉಳಿದವನ್ನು ಒಂದೊಂದಾಗಿ ಅದಕ್ಕೆ ಹೊಂದಿಸಿ. ಕೇಳಿದರೆ "ಜಿ ಅಂದರೆ ನಮ್ಮೂರು" ಎಂದು ಹೇಳಿ, ಸಂಕೋಚ ಬೇಡ. ಕನ್ನಡ ನಾಡಿನ ಅತ್ಯಂತ ನಂಬಿಕೆಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ಎಂ ಎಂದರೆ ಮೋಕ್ಷಗುಂಡಂ, ಅದು ಈಗಿನ ಆಂಧ್ರದ ಊರು. ಹುಟ್ಟಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ. ಹಿರಿಯರ ಊರಿನ ಆ ಅಕ್ಷರವನ್ನು ಅವರು ಬಿಟ್ಟವರಲ್ಲ.

ಎಷ್ಟು ಭಾಷೆ, ಎಷ್ಟರ ಮಟ್ಟಿಗೆ

"ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತೆ" ಎಂದು ಒಂದೇ ಉಸಿರಿನಲ್ಲಿ ಹೇಳುವವರು ಊರಿಗೆ ನೂರು ಜನ. ಮಾತಾಡಲು, ಓದಲು, ಬರೆಯಲು ಎಂದು ಬಿಡಿಸಿ ಹೇಳುವವರು ಕಡಿಮೆ. ನಮ್ಮ ನಿಜವಾದ ಬಲ ಇರುವುದು ಅಲ್ಲೇ: ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಲಿಪಿಗಳು ಒಂದೇ ಬೇರಿನವು. ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು, ಬರೆದವರು ನಮ್ಮಲ್ಲಿದ್ದಾರೆ. ಕೆಲವರು ಅದನ್ನು ಬಯೋಡೇಟಾದಲ್ಲಿ ಮರೆಮಾಚುತ್ತಾರೆ, ಕನ್ನಡ ಮಾಧ್ಯಮ ಎಂದರೆ ಇಂಗ್ಲಿಷ್ ಬಾರದು ಎಂದುಕೊಳ್ಳುತ್ತಾರೆಂದು. ಆದರೆ ಸ್ಟೇಟ್ ಬ್ಯಾಂಕಿನ ಕ್ಲರ್ಕ್ ಹುದ್ದೆಗೆ ಕರ್ನಾಟಕದಿಂದ ಅರ್ಜಿ ಹಾಕಿದವರು ಹತ್ತರಲ್ಲೋ ಹನ್ನೆರಡರಲ್ಲೋ ಕನ್ನಡ ಓದಿದ ದಾಖಲೆ ತೋರಿಸಿದರೆ ಪ್ರತ್ಯೇಕ ಭಾಷಾ ಪರೀಕ್ಷೆ ಇಲ್ಲ. ಆ ಮಾರ್ಕ್ಸ್ ಕಾರ್ಡೇ ಸಾಕ್ಷಿ.

ಹೀಗೆ ಹೇಳಬಹುದು: "ಕನ್ನಡ ಓದಿ ಬರೆಯುತ್ತೇನೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ತೆಲುಗು ಮಾತಾಡುತ್ತೇನೆ, ಬೋರ್ಡು, ಬಿಲ್ಲು ಓದುತ್ತೇನೆ, ಕಾಗದ ಬರೆಯುವಷ್ಟು ಬರುವುದಿಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಮಾತು ನಿಧಾನ." ಬರುವುದಿಲ್ಲ ಎಂಬ ಒಂದು ಮಾತು ಒಳಗಿದ್ದರೆ ಉಳಿದ ಬರುತ್ತದೆಗಳಿಗೆ ಬೆಲೆ ಬರುತ್ತದೆ. ಔಷಧದ ಸಗಟು ಅಂಗಡಿ, ಕೊರಿಯರ್ ಕಚೇರಿ, ಆಸ್ಪತ್ರೆಯ ಸ್ವಾಗತದ ಮೇಜು, ಬೀಜ-ಗೊಬ್ಬರದ ಕಂಪನಿ: ಗಡಿಯ ಎರಡೂ ಕಡೆ ಗಿರಾಕಿ ಇರುವಲ್ಲಿ ಇಂಥವರೇ ಬೇಕು.

ನಮ್ಮ ಮಾತಿನ ಧಾಟಿಯ ಬಗ್ಗೆ ನಾಚಿಕೆ ಬೇಡ. ಮೈಸೂರಿನ ಹಾಗೆ ಮಾತಾಡಲು ಹೋಗಿ ಮಧ್ಯದಲ್ಲಿ ತಡವರಿಸುವುದಕ್ಕಿಂತ ನಮ್ಮ ಮಾತಿನಲ್ಲೇ ನಿಧಾನವಾಗಿ ಹೇಳುವುದು ಕೇಳಲು ಚೆನ್ನ.

ಕೆಲಸದ ಮಾತು

ಊರು, ಹೆಸರು, ಭಾಷೆ ಮೂರೂ ಸೇರಿ ಅರ್ಧ ನಿಮಿಷ. ಉಳಿದದ್ದು ಕೆಲಸದ ಮಾತಾಗಿರಬೇಕು. ಇಲ್ಲೇ ಹೆಚ್ಚಿನವರು ಸೋಲುವುದು. "ಎಲ್ಲಾ ಕೆಲಸ ಬರುತ್ತೆ ಸಾರ್", "ಕಷ್ಟಪಟ್ಟು ದುಡೀತೀನಿ", "ಒಂದು ಅವಕಾಶ ಕೊಡಿ" ಎಂಬ ಮಾತುಗಳನ್ನು ಕೇಳಿ ಕೇಳಿ ಎದುರಿನವರ ಕಿವಿ ಮಂದವಾಗಿದೆ. ಅವು ಸುಳ್ಳು ಅಂತಲ್ಲ, ಪರೀಕ್ಷಿಸಲು ಆಗುವುದಿಲ್ಲ.

ರಾಯದುರ್ಗದಲ್ಲಿ ರೆಡಿಮೇಡ್ ಹೊಲಿಗೆ ಮನೆಮನೆಯ ಕಸುಬು, ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ಹೊಲಿಗೆಯವರು ಜಾಬ್ ವರ್ಕ್ ಕೇಳಲು ಬಳ್ಳಾರಿಗೆ ಹೋದಾಗ "ಹೊಲಿಗೆ ಘಟಕ ಇದೆ, ಕ್ವಾಲಿಟಿ ಚೆನ್ನಾಗಿರುತ್ತೆ" ಎಂದರೆ ಸಾಹುಕಾರರು ತಲೆ ಎತ್ತುವುದಿಲ್ಲ. "ಆರು ಮೆಷಿನ್, ಒಂದು ಓವರ್‌ಲಾಕ್. ದಿನಕ್ಕೆ ಇಷ್ಟು ಪೀಸ್ ಕೊಡುತ್ತೇವೆ. ಕಾಜಾ, ಬಟನ್ ನಮ್ಮಲ್ಲಿಲ್ಲ, ಹೊರಗೆ ಮಾಡಿಸುತ್ತೇವೆ. ಇದು ಹೋದ ವಾರ ಹೊಲಿದ ಪ್ಯಾಂಟು" ಎಂದು ಮೇಜಿನ ಮೇಲಿಟ್ಟರೆ ಅವರ ಕೈ ತಾನಾಗಿ ಹೊಲಿಗೆಯ ಮೇಲೆ ಹೋಗುತ್ತದೆ, ಒಳಗು ಹೊರಗು ಮಾಡಿ ನೋಡುತ್ತಾರೆ. ಪರಿಚಯದ ಮುಖ್ಯ ಭಾಗ ಮುಗಿದದ್ದು ಅಲ್ಲೇ. ದಿನಕ್ಕೆ 60 ಪೀಸ್ ಆಗುವಲ್ಲಿ 100 ಎಂದವರಿಗೆ ಮೊದಲ ಆರ್ಡರ್ ಸಿಗಬಹುದು, ಎರಡನೆಯದು ಸಿಗುವುದಿಲ್ಲ.

ಮೋಟಾರ್ ರಿಪೇರಿಯವರು "ಏಳೂವರೆ ಎಚ್‌ಪಿವರೆಗೆ ರಿವೈಂಡಿಂಗ್ ಸ್ವಂತ ಮಾಡುತ್ತೇನೆ, ಅದರ ಮೇಲಿನದು ಹಿಂದೂಪುರಕ್ಕೆ ಕಳಿಸುತ್ತೇನೆ" ಎನ್ನಬಹುದು. ಎಲ್ಲಿಯವರೆಗೆ ಬರುತ್ತದೆ ಎಂದು ಗೆರೆ ಎಳೆದು ಹೇಳುವವರ ಕೈಗೆ ರೈತರು ಬೆಳೆ ಒಣಗುವ ಹೊತ್ತಿನಲ್ಲಿ ಮೋಟಾರು ಕೊಡುತ್ತಾರೆ. ರೇಷ್ಮೆ ಗೂಡು ಹೊತ್ತು ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ಹೋಗುವ ನಮ್ಮ ರೈತರಿಗೆ ಈ ಪಾಠ ಬೇಕಿಲ್ಲ, ಅಲ್ಲಿ ರೀಲರ್ ರೈತರ ಮಾತಿಗಿಂತ ಮೊದಲು ಒಂದು ಹಿಡಿ ಗೂಡು ಎತ್ತಿ ಅಲ್ಲಾಡಿಸಿ ನೋಡುತ್ತಾರೆ.

ನರ್ಸಿಂಗ್ ಮುಗಿಸಿದ ಹೆಣ್ಣುಮಕ್ಕಳು ಬೆಂಗಳೂರಿಗೆ ಹೆಚ್ಚು ಹೋಗುತ್ತಿರುವುದರಿಂದ ಅವರಿಗೆ ಪ್ರತ್ಯೇಕವಾಗಿ ಒಂದು ಮಾತು. ನೋಂದಣಿ ಯಾವ ರಾಜ್ಯದ ಕೌನ್ಸಿಲ್‌ನಲ್ಲಿದೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ: "ಜಿಎನ್‌ಎಂ, ಆಂಧ್ರ ಕೌನ್ಸಿಲ್ ನೋಂದಣಿ ಇದೆ, ಕರ್ನಾಟಕದ್ದಕ್ಕೆ ಅರ್ಜಿ ಹಾಕಿದ್ದೇನೆ" ಅಥವಾ "ಇನ್ನೂ ಹಾಕಬೇಕು". ಆಮೇಲೆ ಯಾವ ವಾರ್ಡಿನಲ್ಲಿ, ಎಷ್ಟು ಹಾಸಿಗೆ, ರಾತ್ರಿ ಪಾಳಿಯಲ್ಲಿ ಒಬ್ಬರೇ ಎಷ್ಟು ರೋಗಿಗಳನ್ನು ನೋಡಿಕೊಂಡಿರಿ ಎಂಬುದನ್ನು ಹೇಳಿ. ಮಾರ್ಕ್ಸ್ ಶೇಕಡಾ ಎಷ್ಟು ಎಂಬುದಕ್ಕಿಂತ ಆ ರಾತ್ರಿ ಪಾಳಿಯ ಲೆಕ್ಕ ಮೇಟ್ರನ್ ಅವರಿಗೆ ಬೇಗ ಅರ್ಥವಾಗುತ್ತದೆ.

ಕೆಲಸ ಇನ್ನೂ ಮಾಡಿಲ್ಲ, ಈಗಷ್ಟೇ ಓದು ಮುಗಿಯಿತು ಎನ್ನುವವರೂ ಖಾಲಿ ಕೈಯವರಲ್ಲ. ಅಪ್ಪನ ಅಂಗಡಿಯ ಲೆಕ್ಕ ಬರೆದದ್ದು, ಕಡಲೆಕಾಯಿ ಮಾರುವಾಗ ತೂಕ ನೋಡಿಕೊಂಡದ್ದು, ಊರ ಜಾತ್ರೆಯಲ್ಲಿ ಚಂದಾ ಹಣಕ್ಕೆ ರಸೀದಿ ಬರೆದು ಲೆಕ್ಕ ಒಪ್ಪಿಸಿದ್ದು ಎಲ್ಲವೂ ಅನುಭವವೇ. "ಫ್ರೆಷರ್ ಸಾರ್" ಎಂದು ಸುಮ್ಮನಾಗುವುದಕ್ಕಿಂತ ಅದನ್ನೇ ಒಂದು ವಾಕ್ಯದಲ್ಲಿ ಹೇಳಿ.

ಕೆಲಸವನ್ನೇ ಸಾಕ್ಷಿಯಾಗಿ ಇಟ್ಟು ಪರಿಚಯ ಹೇಳುವ ಕ್ರಮ ಹೊಸದಲ್ಲ. ಈಗಿನ ತೆಲಂಗಾಣದ ಕರೀಂನಗರ ಕಡೆ ಕುರ್ಕ್ಯಾಲದ ಬೊಮ್ಮಲಗುಟ್ಟದ ಮೇಲೆ ಹತ್ತನೇ ಶತಮಾನದ ಒಂದು ಶಾಸನವಿದೆ. ಆದಿಕವಿ ಪಂಪನ ತಮ್ಮ ಜಿನವಲ್ಲಭ ಬರೆಸಿದ್ದು, ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ. ಹಿರಿಯರು ವೆಂಗಿ ನಾಡಿನವರು, ಅಣ್ಣನಿಗೆ ಅರಿಕೇಸರಿ ಕೊಟ್ಟದ್ದು ಧರ್ಮಪುರದ ಅಗ್ರಹಾರ ಎಂದೆಲ್ಲ ಅದರಿಂದ ತಿಳಿಯುತ್ತದೆ. ತಾನು ಮಾಡಿಸಿದ ಜಿನಬಿಂಬಗಳ ಮಾತು ಬಂದಾಗ ಓದುವವರು ಎಲ್ಲೂ ಹೋಗಿ ಹುಡುಕಬೇಕಿಲ್ಲ, ಅದೇ ಬಂಡೆಯ ಮೇಲೆ ಬಿಂಬಗಳು ಕೆತ್ತಿವೆ. ಎರಡು ಭಾಷೆಯ ನಡುವೆ ಬದುಕಿದ ಮನೆತನದ್ದು ಎಂಬ ಕಾರಣಕ್ಕೂ ನಮಗೆ ಅದು ಹತ್ತಿರದ್ದು.

"ಯಾರ ಕಡೆಯವರು?"

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಎರಡು ಅರ್ಥ. ಒಂದು, ನಿಮ್ಮನ್ನು ಯಾರು ಕಳಿಸಿದರು. ಇನ್ನೊಂದು, "ನೀವು ಯಾವ ಜನ?" ಎಂಬುದರ ಮುಸುಕು ಹಾಕಿದ ರೂಪ. ಕೆಲಸದ ಜಾಗದಲ್ಲಿ ಎರಡನೆಯದಕ್ಕೆ ಉತ್ತರ ಕೊಡುವ ಹಂಗು ಯಾರಿಗೂ ಇಲ್ಲ ಎಂಬುದು ನಮ್ಮ ನಿಲುವು. ಮುಖ ಗಂಟಿಕ್ಕದೆ ಮೊದಲನೆಯ ಅರ್ಥಕ್ಕೇ ಉತ್ತರಿಸಿ: "ಮಡಕಶಿರಾದಲ್ಲಿ ಇಂಥ ಮೇಸ್ತ್ರಿ ಹತ್ತಿರ ನಾಲ್ಕು ವರ್ಷ ಕಲಿತೆ, ಅವರ ಫೋನ್ ನಂಬರ್ ಇದು." ಇಷ್ಟಾದ ಮೇಲೂ ಮತ್ತೆ ಮತ್ತೆ ಕೆದಕಿದರೆ ಆ ಜಾಗದ ಬಗ್ಗೆ ನೀವೇ ಯೋಚಿಸಬೇಕಾದ್ದಿದೆ.

ಹೆಸರು ಹೇಳುವ ಮೊದಲು ಆ ಮೇಸ್ತ್ರಿಗೋ ಮೇಷ್ಟ್ರಿಗೋ ಒಂದು ಮಾತು ತಿಳಿಸಿರಬೇಕು. ಬೆಂಗಳೂರಿನಿಂದ ಯಾರೋ ಫೋನು ಮಾಡಿ ನಿಮ್ಮ ಬಗ್ಗೆ ಕೇಳಿದಾಗ ಅವರು "ಯಾರು, ಯಾವ ಮಂಜುನಾಥ?" ಎಂದರೆ ಇಲ್ಲಿಯವರೆಗೆ ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ದೊಡ್ಡವರ ಹೆಸರು ಬೇಕಿಲ್ಲ. ಶಾಸಕರ ಜೊತೆ ತೆಗೆಸಿಕೊಂಡ ಫೋಟೋಗಿಂತ, ನಿಮ್ಮ ಕೈಕೆಳಗಿನ ಕೆಲಸ ಕಂಡ ಒಬ್ಬ ಸಾಮಾನ್ಯ ಮನುಷ್ಯರ ನಂಬರ್ ಹೆಚ್ಚು ದುಡಿಯುತ್ತದೆ.

ಫೋನು, ವಾಟ್ಸಾಪು

ಈಗ ಮುಖ ನೋಡುವ ಮೊದಲು ನಂಬರ್ ನೋಡುತ್ತಾರೆ. ಗೊತ್ತಿಲ್ಲದವರಿಗೆ ಬರಿ "ಹಾಯ್" ಕಳಿಸಿ ಉತ್ತರಕ್ಕೆ ಕಾಯಬೇಡಿ. "ನಾನು ಸಾರ್, ಗೊತ್ತಾಯ್ತಾ?" ಎಂಬ ನಮ್ಮ ಕಡೆಯ ಫೋನಿನ ಶುರು ನೆಂಟರಿಗೆ ಸರಿ, ಕೆಲಸಕ್ಕಲ್ಲ. ಹೆಸರು, ಊರು, ನಂಬರ್ ಕೊಟ್ಟವರು ಯಾರು, ಏನು ಬೇಕು ಎಂಬ ನಾಲ್ಕನ್ನೂ ಒಂದೇ ಸಂದೇಶದಲ್ಲಿ ಬರೆಯಿರಿ. ಎದುರಿನವರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲಿ, ತೆಲುಗಿನಲ್ಲಿ ಬರೆದರೆ ಬರುವಷ್ಟು ತೆಲುಗಿನಲ್ಲಿ. ಬೆಂಗಳೂರಿನಲ್ಲಿ ಸಾರ್, ಮೇಡಂ ನಡೆಯುತ್ತದೆ. ಬಳ್ಳಾರಿಯ ಸಾಹುಕಾರರಿಗೆ ಅಣ್ಣ ಎಂದರೂ ಸಲ್ಲುತ್ತದೆ. ಆ ಕಡೆ ಹೆಸರಿನ ಮುಂದೆ ಗಾರು ಮರೆಯಬೇಡಿ.

ವಾಟ್ಸಾಪಿನಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಬರಿ ಚುಕ್ಕಿ, ಹೃದಯ, ಸಿನಿಮಾ ನಾಯಕರ ಬಿರುದು ಇದ್ದರೆ ತೆಗೆದು ಹೆಸರು ಹಾಕಿ. ಫೋಟೋದಲ್ಲಿ ದೇವರಿದ್ದರೆ ಇರಲಿ, ಆದರೆ ಕೆಲಸ ಹುಡುಕುವ ಆ ಒಂದೆರಡು ತಿಂಗಳು ನಿಮ್ಮ ಮುಖ ಇದ್ದರೆ ಸಂದರ್ಶನದ ದಿನ ಬಾಗಿಲಲ್ಲಿ ಗುರುತು ಹಿಡಿಯಲು ಸುಲಭ. ಮಾರ್ಕ್ಸ್ ಕಾರ್ಡು, ಆಧಾರ್ ಪ್ರತಿಗಳನ್ನು ಕೇಳದೆ ಕಳಿಸಬೇಡಿ. ಕೇಳಿದವರು ಯಾವ ಕಂಪನಿ, ಕಚೇರಿ ಎಲ್ಲಿ ಎಂದು ನೀವೂ ವಿಚಾರಿಸಿ. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರು ತಮ್ಮ ಪರಿಚಯವನ್ನು ಬಹಳ ಚೆನ್ನಾಗಿಯೇ ಹೇಳಿಕೊಳ್ಳುತ್ತಾರೆ. ಅವರ ಊರು, ವಿಳಾಸ, ಹಿಂದೆ ಕೆಲಸ ಕೊಡಿಸಿದ ಒಬ್ಬರ ನಂಬರ್ ಕೇಳಿ ನೋಡಿ.

ಭೇಟಿಯಾಗಿ ಬಂದ ಸಂಜೆ ಒಂದು ಸಂದೇಶ ಹಾಕಿ: "ಇವತ್ತು ಬೆಳಿಗ್ಗೆ ಬಂದಿದ್ದೆ, ಮಡಕಶಿರಾ ಪಕ್ಕದ ಗುಡಿಬಂಡೆಯವನು. ತಾವು ಕೇಳಿದ್ದ ಅನುಭವ ಪತ್ರ ಜೊತೆಗಿದೆ." ಮತ್ತೆ ನೆನಪಿಸುವುದಾದರೆ ಒಂದು ವಾರ ಬಿಟ್ಟು, ಒಂದೇ ಸಲ.